ಅದಿರು, ಅಡವಿ ಮತ್ತು ಒಂದು ಪರ್ಮಿಟ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಮುಖ್ಯ ಗುರುಗಳು ಫೋನ್ ಮಾಡಿದಾಗ, 'ಕಂಪ್ಯೂಟರ್ ಬಗ್ಗೆ ಏನರ ಬರೀರಿ, ಹುಡುಗರಿಗೆ ಉಪಯೋಗ ಆಗ್ತೈತಿ' ಅಂದರು. ಒಪ್ಪಿಕೊಂಡೆ. ಬರೆಯಲು ಕುಳಿತಾಗ ಮಾತ್ರ ನೆನಪಿಗೆ ಬಂದದ್ದು ನಮ್ಮ ಶಾಲೆಯ ಮುಂದಿನ ರಸ್ತೆ. ಗುರುಗಳು ಕ್ಷಮಿಸಬೇಕು. ಕಂಪ್ಯೂಟರ್ ಕೂಡ ಕೊನೆಗೆ ಬರುತ್ತದೆ.

ನಾನು ಎಂಟನೆಯ ತರಗತಿಗೆ ಸೇರಿದ್ದು 2002ರಲ್ಲಿ. ಆಗ ಶಾಲೆಯ ಮುಂದಿನ ಹೆದ್ದಾರಿಗೆ 63 ಎಂಬ ಸಂಖ್ಯೆಯಿತ್ತು, ಈಗ ಅದು 67. ಹೊಸಪೇಟೆಯಿಂದ ಮುನಿರಾಬಾದ್, ಗಿಣಿಗೇರಿ, ಕೊಪ್ಪಳ, ಭಾನಾಪುರ ದಾಟಿ ಗದಗ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲೆಯ ಸಮುದ್ರ ಮುಟ್ಟುವ ದಾರಿ ಅದು. ನಾವು ಸೇರಿದ ವರ್ಷ ಬೇವಿನ ಗಿಡಗಳು ಹಸಿರಾಗಿದ್ದವು. ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಅವು ಕೆಂಪಾಗಿದ್ದವು. ಬಿಳಿ ಅಂಗಿಯ ಕಾಲರು ಎಷ್ಟು ತಿಕ್ಕಿದರೂ ಬೆಳ್ಳಗಾಗುತ್ತಿರಲಿಲ್ಲ. 'ಎಲ್ಲಿ ಹೊಳ್ಯಾಡಿ ಬರ್ತಿಯೋ' ಎಂದು ಅವ್ವ ಬೈಯುತ್ತಿದ್ದಳು. ರಸ್ತೆ ಕಡೆಯ ಕಿಟಕಿಗಳನ್ನು ಬೇಸಿಗೆಯಲ್ಲೂ ಮುಚ್ಚಿಯೇ ಪಾಠ ನಡೆಯುತ್ತಿತ್ತು.

ಒಂಬತ್ತನೆಯ ತರಗತಿಯಲ್ಲಿ ಸಮಾಜ ವಿಜ್ಞಾನದ ಸರ್ ಒಂದು ದಿನ ಪುಸ್ತಕ ಮುಚ್ಚಿಸಿ, 'ಹೊರಗ ಹೋಗಿ ಕಟ್ಟೀಮ್ಯಾಲೆ ಕುಂದ್ರರಿ, ಈ ಪಿರಿಯಡ್ ಮುಗಿಯೂತನ ಅದಿರಿನ ಲಾರಿ ಎಣಿಸ್ರಿ' ಅಂದರು. ನಲವತ್ತು ನಿಮಿಷದಲ್ಲಿ 112 ಲಾರಿ ಹಾದುಹೋದವು. ಇದು ಪಶ್ಚಿಮಕ್ಕೆ ತುಂಬಿಕೊಂಡು ಹೋದವುಗಳ ಲೆಕ್ಕ, ಖಾಲಿ ತಿರುಗಿದವನ್ನು ನಾವು ಎಣಿಸಲಿಲ್ಲ. ಸರ್ ಕೇಳಿದರು: 'ಎಲ್ಲಿಗೆ ಹೊಂಟಾವು?' ಎಲ್ಲರೂ ಒಟ್ಟಿಗೆ 'ಚೀನಾಕ್ಕ ರೀ' ಎಂದು ಕೂಗಿದೆವು. 'ಎಲ್ಲಿಂದ ಬಂದಾವು?' 'ಸಂಡೂರಿಂದ ರೀ.' 'ಸಂಡೂರಾಗ ಎಲ್ಲಿಂದ?' ಇದಕ್ಕೆ ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವರೇ ಹೇಳಿದರು: 'ಅಡವ್ಯಾಗಿಂದ.'

ಆ ಉತ್ತರ ನನ್ನ ತಲೆಯಲ್ಲಿ ಉಳಿದದ್ದಕ್ಕೆ ಇನ್ನೊಂದು ಕಾರಣವಿದೆ. ಆ 112ರಲ್ಲಿ ಒಂದು ಲಾರಿ ನಮ್ಮಪ್ಪನದು.

ಅಡವಿಯಿಂದ ಬರುವ ಸರಕಿಗೆ ರಾಜ್ಯ ಕಾವಲು ಹಾಕುವುದು ಹೊಸ ಸಂಗತಿಯೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಣ್ಯದ ಉತ್ಪನ್ನಗಳನ್ನು ನೋಡಿಕೊಳ್ಳಲು ಕುಪ್ಯಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ, ಸುಂಕಕ್ಕೆ ಶುಲ್ಕಾಧ್ಯಕ್ಷ ಬೇರೆ. ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿರುವ ಊರಿನವರು ನಾವು. ವಿನಾಕಾರಣ ಕಾಡಿಗೆ ಬೆಂಕಿ ಹಚ್ಚಬಾರದೆಂದು ಅಶೋಕ ಬರೆಸಿದ್ದಾನೆ. ಅದಿರುವುದು ನಮ್ಮ ಬಂಡೆಯ ಮೇಲಲ್ಲ, ಉತ್ತರದ ಐದನೆಯ ಸ್ತಂಭಶಾಸನದಲ್ಲಿ. ಶಾಲಾ ಪ್ರವಾಸದಲ್ಲಿ ಗವಿಮಠದ ಕಲ್ಲಿನ ಮುಂದೆ ನಿಂತು ಇದನ್ನು ತಪ್ಪಾಗಿ ಹೇಳಿಕೊಟ್ಟವರೂ ಇದ್ದರು, ನಂಬಿದವರಲ್ಲಿ ನಾನೂ ಒಬ್ಬ.

ನಮ್ಮ ಕಡೆಯವರಿಗೆ ಹೆಚ್ಚು ಗೊತ್ತಿರುವ ಉದಾಹರಣೆ ಶ್ರೀಗಂಧ. ಕೊಪ್ಪಳದ ಕೋಟೆಯನ್ನು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ ಟಿಪ್ಪು ಸುಲ್ತಾನನೇ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ಹೊಲದಲ್ಲಿ ಬೆಳೆದರೂ ಅದು ಸರಕಾರದ್ದು. ಮೈಸೂರಿನ ಅರಸರೂ ಆಮೇಲೆ ಬಂದ ಸರಕಾರಗಳೂ ಅದೇ ಪದ್ಧತಿಯನ್ನು ಮುಂದುವರಿಸಿದವು. ಮೊದಲ ಮಹಾಯುದ್ಧ ಬಂದು ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ ಮೈಸೂರು ಸರಕಾರ ತಾನೇ ಎಣ್ಣೆ ತೆಗೆಯಲು ಕಾರ್ಖಾನೆ ಹಾಕಿತು, 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ. ಈ ಏಕಸ್ವಾಮ್ಯದಿಂದ ಗಂಧದ ಮರ ಉಳಿಯಿತೇ ಎಂದರೆ ನೇರ ಉತ್ತರ ಕೊಡುವುದು ಕಷ್ಟ. ಹೊಲದಲ್ಲಿ ಗಂಧದ ಸಸಿ ಕಂಡರೆ ಕಿತ್ತು ಬಿಸಾಡುವ ರೂಢಿ ರೈತರಲ್ಲಿ ಬಂತು. ಬೆಳೆಸಿದರೆ ಲಾಭ ಸರಕಾರಕ್ಕೆ, ಕಳುವಾದರೆ ಕೇಸು ತನ್ನ ಮೇಲೆ! ಕರ್ನಾಟಕದಲ್ಲಿ ಮರದ ಒಡೆತನ ಜಮೀನಿನವನಿಗೆ ಬಂದದ್ದು 2001ರ ತಿದ್ದುಪಡಿಯಿಂದ, ಅಂದರೆ ಟಿಪ್ಪುವಿನ ಆಜ್ಞೆಯಾಗಿ 209 ವರ್ಷದ ಮೇಲೆ. ನಿಯಮ ಮಾಡಿದವರು ಬೆಳೆಯುವವನನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಈ ಕಥೆಯಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳಲಾರದು ಎಂದು ನನಗನ್ನಿಸುತ್ತದೆ.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಮೈಸೂರಿಗೆ ಸೇರಿರಲಿಲ್ಲ. ನಿಜಾಮನ ರಾಜ್ಯದಲ್ಲಿದ್ದವು, ಕೊಪ್ಪಳವಂತೂ ಸಾಲಾರ್ ಜಂಗರ ಜಹಗೀರು. ತುಂಗಭದ್ರೆ ಆಗ ಒಂದು ಗಡಿ. ಆಚೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯ, ಈಚೆಯ ಮುನಿರಾಬಾದ್ ಹೈದರಾಬಾದ್. ಹೊಳೆ ದಾಟಿ ಬಂದ ಸರಕಿಗೆ ನಿಜಾಮ ಸರಕಾರದ ಕರೋಡಗೀರಿ ಇಲಾಖೆ ಸುಂಕ ವಸೂಲು ಮಾಡುತ್ತಿತ್ತು. ನನ್ನ ಅಜ್ಜ ಆ ನಾಕಾದ ಮಾತು ಬಂದಾಗೆಲ್ಲ, 'ಉಪ್ಪಿಗೂ ಚೀಟಿ, ಅರಿವಿಗೂ ಚೀಟಿ' ಎಂದು ನಗುತ್ತಿದ್ದ. ಆ ಚೀಟಿಯ ಗುರಿ ಬೊಕ್ಕಸ ತುಂಬುವುದಷ್ಟೇ, ಮರ ಉಳಿಸುವುದಲ್ಲ. ಅಜ್ಜನಿಗೆ ಚೀಟಿಯ ಮೇಲೆ ಗೌರವವಿರಲಿಲ್ಲ. ಅಪ್ಪನಿಗೂ ಇರಲಿಲ್ಲ. ಕಾರಣ ಬೇರೆ ಬೇರೆ.

ಇನ್ನು ಅದಿರಿನ ಚೀಟಿಗೆ ಬರುತ್ತೇನೆ. ಕಬ್ಬಿಣದ ಅದಿರು ಕಲ್ಲಲ್ಲವೇ, ಅದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಯಾಕೆ ಎಂದು ನಾನೂ ಬಹಳ ದಿನ ಗೊಂದಲದಲ್ಲಿದ್ದೆ. ಕಾನೂನಿನ ಪ್ರಕಾರ ಅಡವಿಯಲ್ಲಿ ಸಿಕ್ಕ ಅಥವಾ ಅಡವಿಯಿಂದ ತಂದ ಕಲ್ಲು, ಮಣ್ಣು, ಖನಿಜವೂ ಅರಣ್ಯ ಉತ್ಪನ್ನವೇ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲೂ ಹಾಗೆಯೇ ಇದೆ, 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಹಾಗೆಯೇ ಇದೆ. ಆದ್ದರಿಂದ ಸಂಡೂರಿನ ಅರಣ್ಯದ ಗಣಿಯಿಂದ ಹೊರಡುವ ಪ್ರತಿ ಲಾರಿಗೂ ಎರಡು ಕಾಗದ ಬೇಕು. ಗಣಿ ಇಲಾಖೆಯ ಸಾಗಣೆ ಪರವಾನಗಿ ಒಂದು, ಅರಣ್ಯ ಇಲಾಖೆಯ ಸಾಗಣೆ ಪರ್ಮಿಟ್ ಇನ್ನೊಂದು. ಲಾರಿ ನಂಬರು, ತೂಕ, ಎಲ್ಲಿಂದ ಎಲ್ಲಿಗೆ, ಯಾವ ದಿನ ಎಂಬುದೆಲ್ಲ ಅದರಲ್ಲಿರಬೇಕು. ಬಂದರಿನಲ್ಲಿ ಇಳಿದ ಅದಿರಿಗೂ ಗಣಿಯಲ್ಲಿ ತೆಗೆದ ಅದಿರಿಗೂ ತಾಳೆ ನೋಡಲು ಇರುವ ಸಾಧನ ಅದೊಂದೇ.

ಅದರ ಮೇಲೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಕೇಂದ್ರದ ಒಪ್ಪಿಗೆ ಇಲ್ಲದೆ ಅರಣ್ಯವನ್ನು ಬೇರೆ ಕೆಲಸಕ್ಕೆ ಕೊಡುವಂತಿಲ್ಲ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಈಶಾನ್ಯದ ಏಳು ರಾಜ್ಯಗಳಿಂದ ಕಡಿದ ಮರ ರೈಲು, ರಸ್ತೆ, ನೀರಿನ ದಾರಿ ಯಾವುದರಲ್ಲೂ ಹೊರಗೆ ಹೋಗಬಾರದು ಎಂದಿತು. ಅಡವಿಗೊಬ್ಬ ಕಾವಲುಗಾರನನ್ನು ಇಡುವುದಕ್ಕಿಂತ ಸರಕು ಹಾಯುವ ದಾರಿ ಕಟ್ಟುವುದು ಸುಲಭ ಎಂಬ ತಿಳಿವಳಿಕೆ ಆ ಆದೇಶದಲ್ಲಿತ್ತು. ಹದಿನೈದು ವರ್ಷದ ನಂತರ ಅದೇ ತಿಳಿವಳಿಕೆ ನಮ್ಮ ರಸ್ತೆಗೂ ಬಂತು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮೊದಲಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಎಷ್ಟಿತ್ತೆಂದರೆ, ಮೊದಲು ಕಸವೆಂದು ಗುಡ್ಡೆ ಹಾಕಿದ್ದ ಅದಿರಿನ ಪುಡಿಗೂ ಬೆಲೆ ಬಂತು. ದೋಣಿಮಲೈನಲ್ಲಿ ಕೇಂದ್ರ ಸರಕಾರದ ಎನ್‌ಎಂಡಿಸಿ 1977ರಿಂದಲೇ ಅದಿರು ತೆಗೆಯುತ್ತಿತ್ತು. ಅದಕ್ಕೆ ರೈಲಿತ್ತು, ಲೆಕ್ಕವಿತ್ತು. ಈಗ ಬಂದದ್ದು ಬೇರೆಯೇ ಗಾಳಿ. ನಮ್ಮ ಕಡೆ ಹೊಲ ಮಾರಿ ಲಾರಿ ಕೊಂಡರು, ಎತ್ತು ಮಾರಿ ಡ್ರೈವಿಂಗ್ ಕಲಿತರು. ಡಾಬಾ, ಪಂಕ್ಚರ್ ಅಂಗಡಿ, ತಾಡಪತ್ರಿ ಅಂಗಡಿಗಳು ಸಾಲಾಗಿ ಎದ್ದವು. ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳದ ಸುತ್ತ ಮೆದು ಕಬ್ಬಿಣದ ಕಾರ್ಖಾನೆಗಳ ಚಿಮಣಿಗಳೂ ಹೊಗೆ ಬಿಟ್ಟವು. ಆ ಕಥೆಯನ್ನು ಬೇರೆ ಯಾರಾದರೂ ಬರೆಯಬೇಕು.

ಅಪ್ಪ 2004ರಲ್ಲಿ ಎರಡು ಎಕರೆ ಒತ್ತೆಯಿಟ್ಟು, ಫೈನಾನ್ಸ್ ಸಾಲ ಮಾಡಿ ಹತ್ತು ಚಕ್ರದ ಹಳೆಯ ಲಾರಿ ತಂದ. ಪೂಜೆಯ ದಿನ ಓಣಿಯವರಿಗೆಲ್ಲ ಪೇಡೆ ಹಂಚಿದೆವು. ಅವನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು, ಓದಲು ಬರುತ್ತಿತ್ತು, ಬರೆಯಲು ಬೇಸರ. ಹೀಗಾಗಿ ಟ್ರಿಪ್ ಪುಸ್ತಕ ಬರೆಯುವ ಕೆಲಸ ನನಗೆ ಬಂತು. ನೀಲಿ ರಟ್ಟಿನ ಉದ್ದನೆಯ ಪುಸ್ತಕ. ತಾರೀಖು, ತುಂಬಿದ ಜಾಗ, ಪರ್ಮಿಟ್ ನಂಬರು, ಟನ್ನು, ಡೀಸೆಲ್, ಟೋಲು, ಪೊಲೀಸು, ಉಳಿದದ್ದು. 'ಪೊಲೀಸು' ಎಂದು ಬೇರೆ ಕಾಲಮ್ಮೇ ಇತ್ತೆಂದರೆ ಇಂದಿನ ಹುಡುಗರಿಗೆ ನಗು ಬರಬಹುದು. ಅಪ್ಪ ಬೇಲೇಕೇರಿಗೆ ಹೋಗಿ ಬರಲು ಮೂರು ದಿನ ಹಿಡಿಯುತ್ತಿತ್ತು, ಬಂದರಿನ ಮುಂದೆ ಸರದಿ ನಿಂತರೆ ಐದು ದಿನ. ಹೋಗುವ ದಾರಿ 300 ಕಿಲೋಮೀಟರ್ ಆಜೂಬಾಜು, ಕೊನೆಯಲ್ಲಿ ಅರಬೈಲು ಘಟ್ಟ. ಅವನು ಬಂದು ಜಳಕ ಮಾಡಿದರೆ ಬಚ್ಚಲದ ನೀರು ಕುಂಕುಮದ ನೀರಿನಂತೆ ಹರಿಯುತ್ತಿತ್ತು.

ಒಂದು ರಾತ್ರಿ ಬರೆಯುತ್ತಿದ್ದಾಗ ಒಂದೇ ಪರ್ಮಿಟ್ ನಂಬರು ಎರಡು ಟ್ರಿಪ್ಪಿಗೆ ಬಂದದ್ದು ನನ್ನ ಕಣ್ಣಿಗೆ ಬಿತ್ತು. ತಪ್ಪಾಗಿ ಹೇಳಿದನೆಂದು ತಿಳಿದು ಕೇಳಿದೆ.

'ಅಪ್ಪ, ಈ ನಂಬರ್ ಸೋಮವಾರನೂ ಬರ್ದೀನಿ.'

'ಅದ ನಂಬರೋ. ಬರಿ.'

'ಒಂದ ಪರ್ಮಿಟಿನ್ಯಾಗ ಎರಡ್ ಸಲ ಹೆಂಗ ಹೋಗ್ತದ?'

'ಲೋಡ್ ಮಾಡೋರು ಕೊಟ್ರು, ನಾ ಹೊಂಟೆ. ಬ್ಯಾಡ ಅಂದ್ರ ಹಿಂದಿನ ಲಾರಿಯಾಂವ ತುಂಬ್ಕೊಂಡ್ ಹೋಗ್ತಾನ. ನಿನಗ ಯಾಕ ಬೇಕು, ಬರಿ ಅಂದ್ರ ಬರಿ.'

ಬರೆದೆ. ತೂಕದ ಕಾಲಮ್ಮಿನಲ್ಲೂ ಎರಡು ಲೆಕ್ಕಗಳಿದ್ದವು. ಕಾಗದದಲ್ಲಿ 16 ಟನ್, ಬಾಡಿಗೆ ಕೊಡುವಾಗ 24 ಟನ್. ನಾನು ಎರಡನ್ನೂ ಬರೆಯುತ್ತಿದ್ದೆ, ಒಂದನ್ನು ಪೆನ್ನಿನಲ್ಲಿ, ಇನ್ನೊಂದನ್ನು ಪೆನ್ಸಿಲ್ಲಿನಲ್ಲಿ. ಲೆಕ್ಕದಲ್ಲಿ ನೂರಕ್ಕೆ 98 ತೆಗೆದ ಹುಡುಗನಿಗೆ ಆ ಎಂಟು ಟನ್ ಎಲ್ಲಿಯದು ಎಂಬ ಪ್ರಶ್ನೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. 2007ರಲ್ಲಿ ಬಿಇಗೆ ಸೀಟು ಸಿಕ್ಕಾಗ ಫೀಸು ಕಟ್ಟಿದ್ದು ಅದೇ ಲಾರಿಯ ದುಡ್ಡು. ಆಗ ಆ ಪ್ರಶ್ನೆ ಹಿಂದೆ ಸರಿಯಿತು.

ಅದೇ ವರ್ಷ ರಾಜ್ಯ ಸರಕಾರ ಅಕ್ರಮ ಗಣಿಗಾರಿಕೆಯ ತನಿಖೆಯನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರ್‌ನಲ್ಲಿ ಮೊದಲ ವರದಿ ಕೊಟ್ಟರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಣಿ, ಚೆಕ್‌ಪೋಸ್ಟ್, ರೈಲು, ಬಂದರುಗಳ ದಾಖಲೆಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿತು. ನನ್ನ ವೃತ್ತಿಯಲ್ಲಿ ಇದನ್ನು ದತ್ತಾಂಶ ತಾಳೆ ಎನ್ನುತ್ತಾರೆ. ಅಂದರೆ ಊರ ಶೆಟ್ಟರು ಸಂಜೆ ಗಲ್ಲಾ ಪೆಟ್ಟಿಗೆಗೂ ಖಾತೆ ಪುಸ್ತಕಕ್ಕೂ ಹೊಂದಿಸಿ ನೋಡುವ ಕೆಲಸವೇ. ಪರ್ಮಿಟ್ ಕೊಟ್ಟದ್ದಕ್ಕಿಂತ ಬಹಳ ಹೆಚ್ಚು ಅದಿರು ಹಡಗು ಹತ್ತಿತ್ತು. 2011ರ ಜುಲೈ 27ರಂದು ಕೊಟ್ಟ ಅಂತಿಮ ವರದಿಯ ಪ್ರಕಾರ 2006ರಿಂದ 2010ರವರೆಗೆ ಅಕ್ರಮವಾಗಿ ರಫ್ತಾದ ಅದಿರು 2.98 ಕೋಟಿ ಟನ್, ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ.

2.98 ಕೋಟಿ ಟನ್ ಎಂದರೆ ಅಪ್ಪನ ಲಾರಿಯ 24 ಟನ್ನಿನ ಲೆಕ್ಕದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಟ್ರಿಪ್ಪು. ಅವುಗಳಲ್ಲಿ ಎಷ್ಟು ನನ್ನ ಕೈಬರಹದಲ್ಲಿದ್ದವು ಎಂದು ಟ್ರಿಪ್ ಪುಸ್ತಕ ತೆಗೆದು ಎಣಿಸಿದ್ದೇನೆ. ಆ ಸಂಖ್ಯೆಯನ್ನು ಇಲ್ಲಿ ಬರೆಯಲು ಅಪ್ಪ ಒಪ್ಪಲಿಲ್ಲ.

ಅಂತಿಮ ವರದಿಗೆ ಒಂದು ವರ್ಷ ಮುಂಚೆಯೇ ಬೇಲೇಕೇರಿಯ ಪ್ರಕರಣ ನಡೆದಿತ್ತು. ಪರ್ಮಿಟ್ ಇಲ್ಲದೆ ಬಂದಿದ್ದ ಲಕ್ಷಾಂತರ ಟನ್ ಅದಿರನ್ನು ಅರಣ್ಯ ಇಲಾಖೆ 2010ರ ಮಾರ್ಚ್‌ನಲ್ಲಿ ಬಂದರಿನಲ್ಲಿಯೇ ಜಪ್ತಿ ಮಾಡಿತು. ಜಪ್ತಿಯಾದ ಅದಿರೂ ಕೆಲವೇ ತಿಂಗಳಲ್ಲಿ ಹಡಗು ಹತ್ತಿ ಹೋಯಿತು! ಜಪ್ತಿ ಮಾಡಿದ ಅರಣ್ಯಾಧಿಕಾರಿಯ ಅಮಾನತಿನ ವಿಷಯದಲ್ಲಿ ಬೇಸತ್ತು ಹೆಗ್ಡೆಯವರು ರಾಜೀನಾಮೆ ಕೊಟ್ಟರು, ಆಮೇಲೆ ಹಿಂದೆ ಪಡೆದರು. ಜುಲೈ ಕೊನೆಯ ವಾರದಲ್ಲಿ ರಾಜ್ಯ ಸರಕಾರ ಹತ್ತು ಬಂದರುಗಳಿಂದ ಅದಿರು ರಫ್ತನ್ನು ನಿಷೇಧಿಸಿತು, ರಫ್ತಿಗೆಂದು ಪರ್ಮಿಟ್ ಕೊಡುವುದನ್ನೂ ನಿಲ್ಲಿಸಿತು. ಬೇಲೇಕೇರಿಯ ಕೇಸಿನಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ಪ್ರಕಟಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿದೆ.

ರಫ್ತು ನಿಂತರೂ ಗಣಿ ನಿಂತಿರಲಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿಯೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಂತಿಮ ವರದಿ ಬಂದ ಎರಡೇ ದಿನಕ್ಕೆ, 2011ರ ಜುಲೈ 29ರಂದು, ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೆಲ್ಲ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶವಾಯಿತು. ದೇಶದ ಉಕ್ಕಿನ ಕಾರ್ಖಾನೆಗಳಿಗಾಗಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಬಿಟ್ಟರು.

ನನ್ನ ಬಿಇ ಕೊನೆಯ ಪರೀಕ್ಷೆ ಮುಗಿದದ್ದು ಅದೇ ಜೂನ್‌ನಲ್ಲಿ. ನಾನು ಪೆಟ್ಟಿಗೆ ಹೊತ್ತು ಊರಿಗೆ ಬಂದಾಗ ರಸ್ತೆ ಖಾಲಿಯಾಗುತ್ತಿತ್ತು, ಆಗಸ್ಟಿನಲ್ಲಿ ಪೂರ್ತಿ ಖಾಲಿಯಾಯಿತು. ಮೊದಲ ಮಳೆಗೆ ಬೇವಿನ ಎಲೆ ತೊಳೆದುಹೋಗಿ ಹಸಿರು ಕಂಡಿತು. ಅದನ್ನು ನೋಡಿ ನನಗೆ ಸಂತೋಷವಾಯಿತು, ಅದೇ ಗಿಡದ ಕೆಳಗೆ ನಿಂತಿದ್ದ ನಮ್ಮ ಲಾರಿಯನ್ನು ನೋಡಿ ಹೊಟ್ಟೆಯಲ್ಲಿ ಸಂಕಟವೂ ಆಯಿತು. ಹೆದ್ದಾರಿಯುದ್ದಕ್ಕೂ ಲಾರಿಗಳು ಹೀಗೆಯೇ ನಿಂತಿದ್ದವು. ಟೈರು ಬಿಚ್ಚಿ ಮಾರಿದರು, ಆಮೇಲೆ ಬ್ಯಾಟರಿ. ಫೈನಾನ್ಸಿನವರು ಕೆಲವನ್ನು ಎಳೆದೊಯ್ದರು. ನಮ್ಮ ಲಾರಿ 2012ರ ಶ್ರಾವಣದಲ್ಲಿ ಕೊಂಡ ಬೆಲೆಯ ಕಾಲುಭಾಗಕ್ಕೆ ಗುಜರಿಗೆ ಹೋಯಿತು. ಒತ್ತೆಯಿಟ್ಟ ಎರಡು ಎಕರೆಯನ್ನು ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷಕ್ಕೆ ಬಿಡಿಸಿದೆ. ಬಿಡಿಸಲಾರದವರು ನಮ್ಮ ಓಣಿಯಲ್ಲಿಯೇ ಇದ್ದಾರೆ. ಗಣಿಯ ಒಡೆಯರ ಹೆಸರು ಪೇಪರಿನಲ್ಲಿ ಬಂತು, ಕ್ಲೀನರುಗಳ ಹೆಸರು ಎಲ್ಲಿಯೂ ಬರಲಿಲ್ಲ. ಆದೇಶ ತಪ್ಪಾಗಿತ್ತೆಂದು ನಾನು ಹೇಳುತ್ತಿಲ್ಲ. ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ. ಅದರ ಬೆಲೆ ತೆತ್ತವರಲ್ಲಿ ಎಲ್ಲರೂ ಅದರ ಲಾಭ ಉಂಡವರಾಗಿರಲಿಲ್ಲ ಎಂಬುದೂ ಇತಿಹಾಸದಲ್ಲಿ ಸೇರಬೇಕು ಅನ್ನುತ್ತೇನೆ.

2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೋರ್ಟು ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದ್ದನ್ನು ಒಪ್ಪಿಕೊಂಡಿತು. ಗಡಿ ಮೀರಿ ಅಗೆದದ್ದು ಗುತ್ತಿಗೆ ಜಾಗದ ನೂರಕ್ಕೆ 10ಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಗಡಿಯಾಚೆ ಮಣ್ಣು ಸುರಿದದ್ದು ನೂರಕ್ಕೆ 15ಕ್ಕಿಂತ ಹೆಚ್ಚಾಗಿದ್ದರೆ ಅದು ಸಿ ವರ್ಗ. ಅವು ರದ್ದಾದವು. ಉಳಿದವು ಗಾಯಗೊಂಡ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿಸಿ ಶುರು ಮಾಡಬೇಕಾಯಿತು. ಮೂರೂ ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಎಂಬ ಮಿತಿ ಬಂತು, ಮಾರಾಟವೆಲ್ಲ ಉಸ್ತುವಾರಿ ಸಮಿತಿಯ ಇ-ಹರಾಜಿನಲ್ಲಿ. ಗುಡ್ಡ ಎಷ್ಟು ತಾಳೀತು ಎಂದು ಮೊದಲು ಕೇಳಿ ಆಮೇಲೆ ಮಾರುಕಟ್ಟೆಗೆ ಬಿಡುವ ಈ ಕ್ರಮ ದೇಶದಲ್ಲಿ ಅಪರೂಪದ್ದು. ಮಿತಿ ಬರುಬರುತ್ತ ಸಡಿಲವಾಯಿತು, 2022ರಲ್ಲಿ 5 ಕೋಟಿ ಟನ್ನಿಗೆ ಏರಿತು. ಆ ವರ್ಷದ ಮೇ 20ರಂದು ಕೋರ್ಟು ರಫ್ತಿಗೂ ಬಾಗಿಲು ತೆರೆಯಿತು. ಮರುದಿನವೇ ಕೇಂದ್ರ ಸರಕಾರ ಅದಿರಿನ ರಫ್ತು ಸುಂಕವನ್ನು ನೂರಕ್ಕೆ 50ಕ್ಕೆ ಏರಿಸಿ ಆ ಬಾಗಿಲನ್ನು ಮತ್ತೆ ಮುಂದೆ ಮಾಡಿತು. ಕಾರಣ ಅಡವಿಯಲ್ಲ, ಒಳದೇಶದ ಉಕ್ಕಿನ ಬೆಲೆ. ನವೆಂಬರ್‌ನಲ್ಲಿ ಆ ಏರಿಕೆಯನ್ನು ತೆಗೆದರು. ವ್ಯಾಪಾರದ ನಿಯಮದಿಂದ ಕೆಲವೊಮ್ಮೆ ಮರ ಉಳಿಯುತ್ತದೆ, ಆದರೆ ನಿಯಮ ಮಾಡಿದವರ ಮನಸ್ಸಿನಲ್ಲಿ ಮರ ಇರಲೇಬೇಕೆಂದಿಲ್ಲ. ಕರೋಡಗೀರಿಯ ಅಜ್ಜ ಇದ್ದಿದ್ದರೆ ನಗುತ್ತಿದ್ದ.

ಇನ್ನು ಕಂಪ್ಯೂಟರಿನ ವಿಷಯ. ನಾನು ಈಗ ಮಾಡುವ ಕೆಲಸ ಕಾಫಿ ರಫ್ತುದಾರರಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವುದು. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳು ಸರಕುಗಳೂ ಅವುಗಳಿಂದ ಮಾಡಿದ ವಸ್ತುಗಳೂ 2020ರ ಡಿಸೆಂಬರ್ 31ರ ನಂತರ ಅಡವಿ ಕಡಿದ ನೆಲದಲ್ಲಿ ಬೆಳೆದಿದ್ದರೆ ಅಲ್ಲಿ ಮಾರುವಂತಿಲ್ಲ. ಬೆಳೆದ ತುಂಡು ನೆಲದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಳತೆಯ ನಕ್ಷೆಯನ್ನೇ ಕೊಡಬೇಕು. 2024ರ ಕೊನೆಗೆ ಜಾರಿಯಾಗಬೇಕಿದ್ದದ್ದು ಎರಡು ಸಲ ಮುಂದೆ ಹೋಗಿ, ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಗಡುವು. ಇದಕ್ಕೆ ಹಿಂದೆಯೂ ಇಂಥವು ಇದ್ದವು. ಅಮೆರಿಕದ 1900ರ ಲೇಸಿ ಕಾಯ್ದೆಗೆ 2008ರಲ್ಲಿ ಕಳ್ಳ ಮರವನ್ನೂ ಸೇರಿಸಿದರು, ಯುರೋಪಿನಲ್ಲಿ 2013ರಿಂದ ಕಳ್ಳ ಮರದ ಮಾರಾಟಕ್ಕೆ ತಡೆಯಿತ್ತು. ಹೊಸದು ಅವಕ್ಕಿಂತ ಒಂದು ದೊಡ್ಡ ವಿಷಯದಲ್ಲಿ ಬೇರೆ. ಹಳೆಯವು ಕೇಳುತ್ತಿದ್ದದ್ದು, ಇದು ಕಾನೂನುಬದ್ಧವೇ ಎಂದು ಮಾತ್ರ. ಇದು ಇನ್ನೂ ಒಂದು ಕೇಳುತ್ತದೆ: ಅಡವಿ ಹೋಯಿತೋ ಇಲ್ಲವೋ. ಆ ದೇಶದ ಸರಕಾರವೇ ಪರ್ಮಿಟ್ ಕೊಟ್ಟು ಕಡಿಸಿದ್ದರೂ ನಡೆಯುವುದಿಲ್ಲ.

ದೇಶದ ಕಾಫಿಯಲ್ಲಿ ನೂರಕ್ಕೆ 70ರ ಆಸುಪಾಸು ಕರ್ನಾಟಕದ್ದು, ಅದರ ದೊಡ್ಡ ಗಿರಾಕಿ ಯುರೋಪು. ಕಳೆದ ವರ್ಷ ಕೊಡಗಿನಲ್ಲಿ ಸಣ್ಣ ಬೆಳೆಗಾರರೊಬ್ಬರ ಮೂರು ಎಕರೆಯ ಸುತ್ತ ಫೋನ್ ಹಿಡಿದು ನಡೆದೆ. ತೋಟದಲ್ಲಿ ಹಲಸು, ಅತ್ತಿ, ನಂದಿ ಮರಗಳ ನೆರಳು, ಮೇಲಿಂದ ನೋಡಿದರೆ ಅಡವಿಯೇ. ತೊಂದರೆಯೂ ಅದೇ. ಉಪಗ್ರಹದ ನಕ್ಷೆಯಲ್ಲಿ ನಮ್ಮ ನೆರಳಿನ ಕಾಫಿ ತೋಟಗಳು ಎಷ್ಟೋ ಕಡೆ ಅರಣ್ಯವೆಂದೇ ಬಣ್ಣ ಹಚ್ಚಿಸಿಕೊಂಡಿವೆ. ಹೀಗಿರುವಾಗ ಬೆಳೆಗಾರ ಬಿಸಿಲು ಬೀಳಲೆಂದು ಕೊಂಬೆ ಸವರಿದರೆ, ಯಂತ್ರಕ್ಕೆ ಅಡವಿ ಕಡಿದಂತೆ ಕಾಣಬಹುದು. ಆ ಹಿರಿಯರು ಕೇಳಿದರು: 'ನನ್ನ ಅಜ್ಜನ ಕಾಲದ ತೋಟ ಇದು. ಮರ ಉಳಿಸಿದ್ದು ನಾನು. ಉಳಿಸಿದ್ದೇನೆ ಅಂತ ಸಾಬೀತು ಮಾಡೋ ಖರ್ಚೂ ನನ್ನದೇನಾ?' ಗಂಧದ ಸಸಿ ಕಿತ್ತ ರೈತರು ನನ್ನ ಕಣ್ಣ ಮುಂದೆ ಬಂದರು. ತಂಡದಲ್ಲಿ ಈ ಮಾತನ್ನು ಎತ್ತಿದೆ. ಕೊಂಬೆ ಸವರುವ ತಿಂಗಳುಗಳ ಚಿತ್ರವನ್ನು ಬೇರೆಯಾಗಿ ನೋಡುವ ವ್ಯವಸ್ಥೆ ಮಾಡಿದ್ದೇವೆ. ಅವರ ಖರ್ಚಿನ ಪ್ರಶ್ನೆಗೆ ಮಾತ್ರ ಸಾಫ್ಟ್‌ವೇರಿನಲ್ಲಿ ಪರಿಹಾರವಿಲ್ಲ, ಅದನ್ನು ಕೊಳ್ಳುವವನ ಬೆಲೆಯಲ್ಲಿ ಸೇರಿಸಬೇಕು.

ಆ ತಂತ್ರಾಂಶದಲ್ಲಿ ನಾನು ಹಟ ಹಿಡಿದು ಸೇರಿಸಿದ ಇನ್ನೊಂದು ಸಾಲಿದೆ. ಒಂದೇ ತುಂಡು ನೆಲದ ಗುರುತನ್ನು ಎರಡು ಲಾಟಿಗೆ ಹಚ್ಚಿ, ಒಟ್ಟು ತೂಕ ಆ ನೆಲದ ಇಳುವರಿ ಮೀರಿದರೆ ಅದು ಮುಂದೆ ಹೋಗುವುದಿಲ್ಲ, ಕೆಂಪು ಬಣ್ಣ ತೋರಿಸಿ ನಿಂತುಬಿಡುತ್ತದೆ. ಹುಡುಗರು ಇದಕ್ಕೆ ಬೇರೆ ಬಣ್ಣ ಇಡೋಣ ಸರ್ ಎಂದರು. ನಾನು ಕೆಂಪೇ ಇರಲಿ ಅಂದೆ, ಕಾರಣ ಹೇಳಲಿಲ್ಲ.

ಯುರೋಪಿನ ಆ ಪಟ್ಟಿಯಲ್ಲಿ ಕಬ್ಬಿಣದ ಅದಿರು ಇಲ್ಲ. ಅಡವಿ ಕಡಿದು ಬೇಸಾಯ ಮಾಡಿದ್ದನ್ನು ಮಾತ್ರ ಅದು ನೋಡುತ್ತದೆ, ಗಣಿಯನ್ನು ನೋಡುವುದಿಲ್ಲ. ಸಂಡೂರಿನ ದೇವದಾರಿ ಗುಡ್ಡದಲ್ಲಿ ಕೇಂದ್ರ ಸರಕಾರದ ಕಂಪನಿಯೊಂದರ ಗಣಿಗೆ 401 ಹೆಕ್ಟೇರ್ ಅರಣ್ಯ ಹೋಗುತ್ತದೆ, 99 ಸಾವಿರಕ್ಕೂ ಹೆಚ್ಚು ಮರ ಬೀಳುತ್ತವೆ ಎಂದು 2024ರಲ್ಲಿ ದೊಡ್ಡ ವಿವಾದವಾಯಿತು. ರಾಜ್ಯದ ಅರಣ್ಯ ಸಚಿವರು ಜಾಗ ಹಸ್ತಾಂತರಿಸಬೇಡಿ ಎಂದರು. ಅದರ ಅದಿರು ಹೊರಟರೆ ಪ್ರತಿ ಲಾರಿಯಲ್ಲೂ ಸರಿಯಾದ ಪರ್ಮಿಟ್ ಇರುತ್ತದೆ, ತೂಕವೂ ಸರಿಯಿರುತ್ತದೆ, ಒಂದು ನಂಬರು ಒಂದೇ ಟ್ರಿಪ್ಪಿಗೆ ಬರುತ್ತದೆ. ಮರ ಮಾತ್ರ ಇರುವುದಿಲ್ಲ.

ಯುರೋಪಿನವರು ನಮಗೆ ಬುದ್ಧಿ ಹೇಳಲು ಯಾರು ಎಂದು ಸಿಟ್ಟಾಗುವ ಗೆಳೆಯರಿದ್ದಾರೆ. ತಮ್ಮ ಅಡವಿಯನ್ನು ಎಂದೋ ಕಡಿದು ಮುಗಿಸಿದವರು ಅವರು, ನಿಜ. ಆದರೆ ನಾವೂ ಗಿರಾಕಿಗಳೇ. ಪ್ರಪಂಚದಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡುವ ದೇಶ ಭಾರತ, ಬರುವುದು ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅಲ್ಲಿ ತಾಳೆ ತೋಟಕ್ಕಾಗಿ ಮಳೆಕಾಡು ಎಷ್ಟು ಹೋಗಿದೆಯೆಂದು ಭೂಗೋಳದ ಪುಸ್ತಕದಲ್ಲೇ ಬರುತ್ತದೆ. ನ್ಯಾಯಬೆಲೆ ಅಂಗಡಿಯ ಪಾಮೋಲಿನ್ ಪಾಕೀಟು ನಮ್ಮೆಲ್ಲರ ಮನೆಗೂ ಬಂದಿದೆ. ಬಸ್‌ಸ್ಟ್ಯಾಂಡಿನ ಮಿರ್ಚಿ ಯಾವ ಎಣ್ಣೆಯಲ್ಲಿ ಕರಿದದ್ದು, ಆ ಎಣ್ಣೆ ಯಾವ ನೆಲದಲ್ಲಿ ಬೆಳೆದದ್ದು ಎಂದು ಕೇಳುವ ಕಾನೂನು ನಮ್ಮಲ್ಲಿಲ್ಲ. ಮಂಡಕ್ಕಿ ಮಿರ್ಚಿ ಬಿಟ್ಟು ಬದುಕುವುದು ನನ್ನಿಂದಲೂ ಆಗದು, ಅದು ಬೇರೆ ಮಾತು. ಚೀನಾದವರು ನಮ್ಮ ಅದಿರು ಕೊಳ್ಳುವಾಗ ಸಂಡೂರಿನ ಬಗ್ಗೆ ಕೇಳಲಿಲ್ಲ ಎಂದು ದೂರುವ ನಾವು ಅದೇ ಜಾಗದಲ್ಲಿ ನಿಂತಿದ್ದೇವೆ.

ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಿಂದ ನೀಲಿ ರಟ್ಟಿನ ಟ್ರಿಪ್ ಪುಸ್ತಕಗಳನ್ನು ಇಳಿಸಿದೆ. ಒಟ್ಟು ಏಳು. ಹಾಳೆಗಳ ಅಂಚಿನಲ್ಲಿ ಅಪ್ಪನ ಬೆರಳಿನ ಕೆಂಪು ಗುರುತು ಇನ್ನೂ ಇದೆ, ನನ್ನ ಪೆನ್ಸಿಲ್ಲಿನ ಅಂಕಿಗಳು ಮಾಸಿಲ್ಲ. ಶಾಲೆಯ ಗ್ರಂಥಾಲಯಕ್ಕೆ ಕೊಡಲೇ ಎಂದು ಅಪ್ಪನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, 'ಲಾರಿ ನಂಬರ್ ಇರೋ ಮೊದಲನೇ ಹಾಳಿ ಹರದು ಕೊಡು' ಅಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತಾನೇ, 'ಇರಲಿ ಬಿಡು, ಹರಿಬ್ಯಾಡ. ಲಾರೀನ ಇಲ್ಲ, ನಂಬರ್ ಏನ್ ಮಾಡ್ತೈತಿ' ಅಂದ.

ಏಳೂ ಪುಸ್ತಕಗಳನ್ನು ಮುಖ್ಯ ಗುರುಗಳಿಗೆ ಒಪ್ಪಿಸಿದ್ದೇನೆ. 2003ರಿಂದ 2011ರ ನಡುವಿನ ಪರ್ಮಿಟ್, ತೂಕದ ಚೀಟಿ, ಟ್ರಿಪ್ ಪುಸ್ತಕ, ಆ ರಸ್ತೆಯ ಫೋಟೋ ನಮ್ಮ ಬ್ಯಾಚಿನವರ, ಹಿಂದು ಮುಂದಿನ ಬ್ಯಾಚಿನವರ ಮನೆಯಲ್ಲಿದ್ದರೆ ಅವನ್ನೂ ತಂದು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಗ್ರಂಥಾಲಯದ ಕಪಾಟಿನಲ್ಲಿ ಕೆಳಗಿನಿಂದ ಎರಡನೆಯ ಅರೆಯನ್ನು ಇದಕ್ಕಾಗಿ ತೆರವು ಮಾಡಿಸಿದ್ದಾರೆ.